ಪೂಜೆಗೆ ಇಟ್ಟ ರ‍್ಯಾಕು

ಯಲಹಂಕ ಹಳೇ ಟೌನ್
26 ಅಕ್ಟೋಬರ್ 2025, ಭಾನುವಾರ

ನಾಗಲಿಂಗಪ್ಪನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಆಮೇಲೆ ಆ ಹಾಳೆಯನ್ನೇ ಹರಿದು ಬೇರೆ ಹಾಳೆ ತೆಗೆದುಕೊಂಡೆ. ಬರೀ ಗೀಟು ಹಾಕಿ ಬಿಟ್ಟಿದ್ದರೆ ನೀನು ಆ ಗೀಟಿನ ಅಡಿಯಲ್ಲಿ ಇಣುಕಿ ನೋಡಿ ಸಮಾಧಾನ ಮಾಡಿಕೊಳ್ಳುವ ಪೈಕಿ. ನಿನಗೆ ಆ ಸಮಾಧಾನ ಸಿಗಬಾರದು.

ಸಲಾಂ. ನಿಮ್ಮ ಅಕ್ಕ ಕಾಶವ್ವನವರ ಮೊಣಕಾಲು ಹೇಗಿದೆ? ರಜೆ ಹಾಕಿ ಊರಿಗೆ ಹೋದೆಯಲ್ಲ, ಗಜೇಂದ್ರಗಡದಲ್ಲಿ ದೀಪಾವಳಿ ಚೆನ್ನಾಗಿ ಆಯಿತೆಂದುಕೊಳ್ಳುತ್ತೇನೆ. ಇಲ್ಲಿ ಸುಗ್ರಾ ಆರಾಮ. ಮಗಳು ಫರ್ಹೀನ್ ಹೆಬ್ಬಾಳದ ಆಫೀಸಿಗೆ ಹೋಗಿ ಬಂದು ಮಾಡುತ್ತಿದ್ದಾಳೆ, ಫ್ಲೈಓವರ್ ಮೇಲೆ ಅರ್ಧ ಆಯುಷ್ಯ ಕಳೆಯುತ್ತೇನೆ ಎಂದು ಗೊಣಗುತ್ತಾಳೆ. ಪತ್ರ ತಡವಾಯಿತು, ಕ್ಷಮಿಸು. ಹನ್ನೆರಡು ದಿನದಿಂದ ಬರೆಯಲು ಕೂತು ಕೂತು ಎದ್ದಿದ್ದೇನೆ. ಒಂಬತ್ತು ಸಲ ಫೋನು ಮಾಡಿದೆ, ನೀನು ಎತ್ತಿದ್ದು ಒಂದು ಸಲ. ಆಗಲೂ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟೆ. ಪತ್ರವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದರಲ್ಲಿ ಬರುವುದೆಲ್ಲ ನಿನಗೆ ಗೊತ್ತಿರುವುದೇ. ಆದರೆ ನೀನು ಅದನ್ನು ನಿನಗೆ ಬೇಕಾದ ಹಾಗೆ ಹೇಳಿಬಿಟ್ಟಿದ್ದೀಯ, ಅದು ಫೈಲಿಗೂ ಸೇರಿದೆ. ಈಗ ನಾನು ಆದ ಹಾಗೆ ಹೇಳುತ್ತೇನೆ. ಪೂರ್ತಿ ಓದು.

ಮೊನ್ನೆ ಸುಗ್ರಾ ಕೇಳಿದಳು, ಇಪ್ಪತ್ತಾರು ವರ್ಷದಿಂದ ನೀವಿಬ್ಬರೂ ಆ ಕಾರ್ಖಾನೆಯಲ್ಲಿ ಮಾಡುವುದಾದರೂ ಏನು ಎಂದು. ಇಷ್ಟು ವರ್ಷ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಯುದ್ಧವಿಮಾನದ ರೆಕ್ಕೆಯ ಅಡಿಯಲ್ಲಿ ಬಾಂಬೋ ಇಂಧನದ ಟ್ಯಾಂಕೋ ತೂಗುತ್ತದಲ್ಲ, ಅದನ್ನು ಹಿಡಿದುಕೊಂಡಿರುವ ಉಕ್ಕಿನ ಪೆಟ್ಟಿಗೆಯೇ ನಮ್ಮ ರ‍್ಯಾಕು ಎಂದೆ. ಅದರ ಹೊಟ್ಟೆಯಲ್ಲಿ ಎರಡು ಹುಕ್ಕು, ಮುಂದೊಂದು, ಹಿಂದೊಂದು. ಪೈಲಟ್ ಗುಂಡಿ ಒತ್ತಿದರೆ ಎರಡೂ ಒಂದೇ ಸಲಕ್ಕೆ ಬಾಯಿ ಬಿಡಬೇಕು. ಒಂದು ಬಿಟ್ಟು ಇನ್ನೊಂದು ಹಿಡಿದುಕೊಂಡರೆ ಭಾರ ಒಂದೇ ಕಡೆ ಜೋತುಬಿದ್ದು ವಿಮಾನಕ್ಕೇ ಬಡಿಯುತ್ತದೆ. ಹಾಗಾಗದಿರಲಿ ಎಂದೇ ಹುಕ್ಕಿನ ಮೇಲೆ ಕಪ್ಪು ಲೇಪ ಕೊಡುತ್ತಾರೆ. ನೋಡಿದರೆ ಮಸಿ ಮೆತ್ತಿದ ಹಾಗಿರುತ್ತದೆ, ಆದರೆ ಉಕ್ಕಿನ ಮೇಲೆ ಉಕ್ಕು ಜಾರುವುದು ಅದರಿಂದಲೇ. ಅದು ಹೋದರೆ ಹುಕ್ಕು ಕಚ್ಚಿಕೊಳ್ಳುತ್ತದೆ.

ಅಷ್ಟು ಗೊತ್ತಿದ್ದೂ ನೀವು ಅದನ್ನು ಹೇಗೆ ಉಜ್ಜಿದಿರಿ ಎಂದು ಸುಗ್ರಾ ಕೇಳಿದಳು. ವಿಚಾರಣೆಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಯಾರೂ ಕೇಳದ ಹಾಗೆ ನೀನು ನೋಡಿಕೊಂಡೆ.

ಹೇಗೆ ಉಜ್ಜಿದೆ ಎಂದರೆ ಹೀಗೆ. ಪ್ರತಿ ವರ್ಷ ಆಯುಧಪೂಜೆಗೆ ಮೇಜಿನ ಮೇಲೆ ಇಡುವುದು ಬಂದವರಿಗೆ ತೋರಿಸುವ ಗುಜರಿ ರ‍್ಯಾಕು, ಡೆಮೊ. ಅದು ವರ್ಷವಿಡೀ ಶೋಕೇಸಿನಲ್ಲಿ ಧೂಳು, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಅದನ್ನು ಎಮರಿ ಕಾಗದ, ಪಾಲಿಶ್ ಪುಡಿ ಹಾಕಿ ಕನ್ನಡಿಯ ಹಾಗೆ ಮಾಡುವುದು 1999ರಿಂದ ನನ್ನ ಕೆಲಸ. ಮಾರ್ಕೆಟ್ಟಿನಿಂದ ಬೂದುಗುಂಬಳಕಾಯಿ ಆರಿಸಿ ತರುವುದೂ ನನ್ನದೇ, ಯಾಕೆಂದರೆ ನೀನು ತಂದದ್ದು ಒಂದು ವರ್ಷ ಒಳಗೆ ಕೊಳೆತಿತ್ತು. ನಾನು ಆರತಿ ತೆಗೆದುಕೊಳ್ಳುವುದಿಲ್ಲ, ಕೈ ಮುಗಿಯುವುದಿಲ್ಲ. ಆದರೆ ನಮ್ಮ ಆಫೀಸಿನ ರತ್ನಕ್ಕ ಕಡ್ಲೆಪುರಿಯ ಮೊದಲ ಪೊಟ್ಟಣ ಕೊಡುವುದು ನನಗೆ. ಇದನ್ನೆಲ್ಲ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಹಾಗೇ ನಡೆದುಬಂದಿತ್ತು, ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ.

ಈ ವರ್ಷ ಡೆಮೊ ದೆಹಲಿಯ ಯಾವುದೋ ಪ್ರದರ್ಶನಕ್ಕೆ ಹೋಗಿತ್ತು. ಸೆಪ್ಟೆಂಬರ್ ಮೂವತ್ತರ ಬೆಳಗ್ಗೆ ನಾನು ಕುಂಬಳಕಾಯಿ ತರಲು ಹೋಗಿದ್ದಾಗ ಮೇಜು ಬರಿದಾಗಿ ಕಾಣುತ್ತದೆಂದು ನೀನು ತಯಾರಾಗಿದ್ದ ನಿಜವಾದ ರ‍್ಯಾಕನ್ನೇ ತಂದು ಇಟ್ಟೆ. ನೀನೇ ನಾಲ್ಕು ದಿನದ ಹಿಂದೆ ತಪಾಸಣೆ ಮಾಡಿ, ನಿನ್ನ ನಂಬರಿನ ಮುದ್ರೆ ಒತ್ತಿದ್ದ ರ‍್ಯಾಕು. ನಾನು ಬರುವಷ್ಟರಲ್ಲಿ ರತ್ನಕ್ಕ ಅದಕ್ಕೆ ವಿಭೂತಿ ಬಳಿದು, ನಂಬರ್ ಪ್ಲೇಟಿನ ಮೇಲೆ ಅಂಗೈಯಗಲ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿಯಾಗಿತ್ತು. ಅದು ಡೆಮೊ ಅಲ್ಲ ಎಂದು ನನಗೆ ಹೇಳಲು ನಿನಗೆ ನೆನಪಾಗಲಿಲ್ಲ. ಜನ ನಿಲ್ಲುವ ಕಡೆಗಿದ್ದ ಮುಂದಿನ ಹುಕ್ಕನ್ನು ನಾನು ಉಜ್ಜಿದೆ. ಈ ವರ್ಷ ಕರೆ ಯಾಕೋ ಗಟ್ಟಿಯಾಗಿ ಹಿಡಿದಿದೆ ಎಂದುಕೊಂಡು ಒರಟು ಕಾಗದ ತಂದು ಮತ್ತೊಮ್ಮೆ ಉಜ್ಜಿ, ನಯವಾದ ಕಾಗದದಿಂದ ಹೊಳಪು ಕೊಟ್ಟೆ. ಆ ಕರೆ ಬೆರಳಿಗೆ ಮೆತ್ತಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸಕ್ಕೆ ಕೈ ತಾನಾಗಿ ಓಡುತ್ತಿತ್ತು, ತಲೆ ಎಲ್ಲೋ ಇತ್ತು. ಇದು ನನ್ನ ತಪ್ಪು, ಇದರಲ್ಲಿ ನಿನಗೆ ಪಾಲು ಕೊಡುವುದಿಲ್ಲ.

ಪೂಜೆ ಮುಗಿದ ಮೇಲೆ ನಮ್ಮ ಹೌಸ್‌ಕೀಪಿಂಗ್ ಬಾಲರಾಜ್ ನೀನು ಹೇಳಿದ ಹಾಗೆ ಕುಂಕುಮ ಒರೆಸಿ, ಹುಕ್ಕುಗಳಿಗೆ ಗ್ರೀಸ್ ಸವರಿ ರ‍್ಯಾಕನ್ನು ವಾಪಸು ಇಟ್ಟ. ಪೂಜೆಯ ಮೇಜಿನಿಂದ ಇಳಿದ ರ‍್ಯಾಕು ಮತ್ತೆ ನಿನ್ನ ಕಣ್ಣ ಮುಂದೆ ಹಾಯಬೇಕಿತ್ತು. ಹಾಯಲಿಲ್ಲ. ಮುದ್ರೆ ಇದೆಯಲ್ಲ ಎಂದು ನೀನು ಸುಮ್ಮನಾದೆ.

ಅಕ್ಟೋಬರ್ ಒಂಬತ್ತನೇ ತಾರೀಕು ಗಿರಾಕಿ ಕಡೆಯ ಇನ್ಸ್‌ಪೆಕ್ಟರ್ ಎದುರು ಪರೀಕ್ಷೆ. ಮರಳಿನ ಗುಂಡಿಯ ಮೇಲೆ ಅರ್ಧ ಟನ್ನಿನ ಕಾಂಕ್ರೀಟು ತುಂಬಿದ ಡಮ್ಮಿ ಬಾಂಬು ತೂಗುತ್ತಿತ್ತು. ಸ್ವಿಚ್ ಒತ್ತಿದರು. ಹಿಂದಿನ ಹುಕ್ಕು ಬಿಟ್ಟಿತು, ಮುಂದಿನದು ಬಿಡಲಿಲ್ಲ. ಡಮ್ಮಿ ಬಾಲ ಕೆಳಗೆ ಮಾಡಿ ತಿರುಗಿ ಸ್ಟ್ಯಾಂಡಿನ ಕಾಲಿಗೆ ಬಡಿದು, ಆ ಕಾಲು ಬಗ್ಗಿಹೋಯಿತು. ಅಲ್ಲಿ ಯಾರೂ ನಿಂತಿರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ರ‍್ಯಾಕು ಬಿಚ್ಚಿ ಗ್ರೀಸ್ ಒರೆಸಿದಾಗ ಮುಂದಿನ ಹುಕ್ಕು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಹಾಕಿದ ಪಾಲಿಶು ನನಗೆ ಗುರುತು ಸಿಗದೇ ಇರುತ್ತದೆಯೇ? ನಿನ್ನ ಕಿವಿಯಲ್ಲಿ ಹೇಳಿದೆ, ಇದು ನಾನು ಉಜ್ಜಿದ್ದು ಎಂದು. ನೀನು ನನ್ನ ಮೊಣಕೈ ಹಿಡಿದು ಅದುಮಿದೆ.

‘ಈಗ ಬಾಯಿ ಬಿಡಬ್ಯಾಡ,’ ಅಂದೆ. ‘ನಾ ಅದೀನಿ.’

ನೀನಿದ್ದೀಯಲ್ಲ ಎಂದು ನಾನು ಬಾಯಿ ಮುಚ್ಚಿಕೊಂಡೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹದಿನಾಲ್ಕನೇ ತಾರೀಕಿನ ವಿಚಾರಣೆಯಲ್ಲಿ ಮೊದಲು ನಿನ್ನನ್ನು ಕರೆದರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಡೆಮೊ ಎಂದುಕೊಂಡು ಉಜ್ಜಿದೆ, ನನ್ನದೇ ತಪ್ಪು, ಬೇರೆ ಯಾರದೂ ಇಲ್ಲ. ಮೂರೇ ಮಾತು. ಒಳಗೆ ಹೋದರೆ, ಪೂಜೆಯ ದಿನ ಊರಲ್ಲಿರದಿದ್ದ ಮ್ಯಾನೇಜರ್ ರವಿಕಿರಣ್ ಕಾಗದದಿಂದ ತಲೆ ಎತ್ತಲೇ ಇಲ್ಲ. ನೀವು ಅವತ್ತು ಪೂಜೆಯಲ್ಲಿ ಇರಲಿಲ್ಲವಂತೆ, ನಿಮ್ಮದೇನೂ ಇಲ್ಲ, ಹೋಗಿ ಎಂದುಬಿಟ್ಟರು. ಇರಲಿಲ್ಲ ಎಂದರೆ ಏನರ್ಥ ಎಂದು ಯೋಚಿಸುತ್ತ ಬಾಗಿಲು ದಾಟಿಬಿಟ್ಟೆ. ಆಮೇಲೆ ವಾಪಸು ಹೋಗಲು ಕಾಲು ಬರಲಿಲ್ಲ. ಇದಕ್ಕೂ ನಿನ್ನನ್ನು ಬೈಯಬೇಕೆಂದು ಆಸೆ, ಆದರೆ ಆ ಕಾಲು ನನ್ನದು.

ಒಳಗೆ ಕೂತು ಬರೆದುಕೊಂಡವರು ರತ್ನಕ್ಕ. ಸಂಜೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಇದನ್ನು ನಾನು ಬರೆದೆನಲ್ಲ, ನನ್ನ ಕೈ ಮುರಿಯಲಿ ಎಂದು ಕಣ್ಣೀರು ಹಾಕಿದರು. ನೀನು ಹೇಳಿದ ಮಾತನ್ನು ನಿನ್ನ ಊರಿನ ಧಾಟಿಯಲ್ಲೇ ನನಗೆ ಒಪ್ಪಿಸಿದರು.

‘ರಸೂಲ್ ಪೂಜಾಕ್ಕ ಬರಂಗಿಲ್ರಿ ಸರ್. ಅವ್ರ ಮಂದಿ ಅದನ್ನೆಲ್ಲಾ ಮುಟ್ಟಂಗಿಲ್ಲ.’

ನಾಗಲಿಂಗಪ್ಪ, ಈ ಮಾತನ್ನು ಹೇಳುವಾಗ ನಿನ್ನ ಬಾಯಿ ಹೇಗಿತ್ತು? ಒಣಗಿತ್ತೇ? ಒಂದು ಲೋಟ ನೀರಾದರೂ ಕೇಳಿದೆಯಾ? ನನ್ನ ಕೈಯಿಂದ ಎಷ್ಟು ಕುಂಬಳಕಾಯಿ ಇಸಿದುಕೊಂಡು ಒಡೆದಿದ್ದೀಯ ನೀನು? ನಾನು ಲೇತ್ ಮೆಷಿನ್ನಿಗೆ ಹಾರ ಕಟ್ಟಿದ್ದು ಸಡಿಲವಾಯಿತೆಂದು ನನ್ನನ್ನೇ ಬೈದವನು ನೀನಲ್ಲವೇ? ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಗೊತ್ತಿಲ್ಲದೆ ಹೇಳಿದರು ಎನ್ನುತ್ತಿದ್ದೆ. ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ, ಇಪ್ಪತ್ತಾರು ವರ್ಷವನ್ನು ಒಂದು ಮಾತಿನಲ್ಲಿ ಒರೆಸಿಹಾಕಿದೆ. ಬಾಲರಾಜ್ ಆ ಕುಂಕುಮ ಒರೆಸಿದ್ದಕ್ಕಿಂತ ಸಲೀಸಾಗಿ ಒರೆಸಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹಾಗಾದರೆ ಉಜ್ಜಿದ್ದು ಯಾರು ಎಂದು ಕೇಳಿದಾಗ, ಬಾಲರಾಜನ ಬಕೆಟ್ಟಿನಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ನಾರು ಇತ್ತು ಎಂದೆಯಂತೆ. ಇತ್ತು, ನಿಜ. ಕ್ಯಾಂಟೀನು ತೊಳೆಯುವವನ ಬಕೆಟ್ಟಿನಲ್ಲಿ ನಾರು ಇರದೆ ಇನ್ನೇನು ಇರುತ್ತದೆ? ಸ್ಟೀಲ್ ನಾರಿನಿಂದ ಉಜ್ಜಿದರೆ ಗೀರು ಬೀಳುತ್ತದೆ, ಕನ್ನಡಿ ಹೊಳಪು ಬರುವುದಿಲ್ಲ. ಇದು ನಿನ್ನಂಥ ಇನ್ಸ್‌ಪೆಕ್ಟರಿಗೆ ಗೊತ್ತಿಲ್ಲವೇ? ಒಂದು ಸುಳ್ಳು ಹೇಳಿ ನನ್ನನ್ನು ಆಚೆ ತಳ್ಳಿದೆ, ಒಂದು ನಿಜ ಹೇಳಿ ಅವನನ್ನು ಗುಂಡಿಗೆ ನೂಕಿದೆ. ಮರುದಿನವೇ ಅವನ ಗೇಟ್ ಪಾಸ್ ಕಿತ್ತುಕೊಂಡರು.

ಹೋದ ಭಾನುವಾರ ಬಾಗಲೂರಿಗೆ ಹೋಗಿದ್ದೆ. ಬಾಲರಾಜನ ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನನ್ನ ಮುಖ ನೋಡಿ, ಬಂದ ವಿಷಯ ಕೇಳದೆ, ಒಳಗೆ ಚಾಪೆ ಹಾಸಿದರು. ಬಾಲರಾಜ್ ನನ್ನನ್ನು ಬೈಯುತ್ತಾನೆ ಎಂದು ತಯಾರಾಗಿ ಹೋಗಿದ್ದೆ. ಅವನು ಬೈಯಲಿಲ್ಲ. ನಾನು ಬಟ್ಟೆಯಲ್ಲಿ ಒರೆಸಿದೆ ಅಷ್ಟೇ ಎಂದು ಮತ್ತೆ ಮತ್ತೆ ಹೇಳಿದ, ನನಗೇ ಸಾಕ್ಷಿ ಬೇಕೇನೋ ಎಂಬ ಹಾಗೆ. ಕೆಲಸದ ಬಗ್ಗೆ ಅವನಿಗೆ ಅಷ್ಟು ಚಿಂತೆ ಇದ್ದಂತಿರಲಿಲ್ಲ.

‘ಕೆಲ್ಸ ಇನ್ನೊಂದ್ ಕಡೆ ಸಿಕ್ತದೆ ಬಿಡಣ್ಣ,’ ಅಂದ. ‘ಆದ್ರೆ ಇಮಾನ ಬೀಳ್ಸಕ್ ಓದೋನು ಅಂತ ಎಸ್ರು ಬಂದ್‌ಬಿಟ್ಟೈತೆ. ಟೀ ಅಂಗ್ಡಿಗ್ ಓದ್ರೆ ಎದ್ ಓಯ್ತಾರೆ.’

ಉಜ್ಜಿದ್ದು ನಾನು ಎಂದು ಅಲ್ಲೇ ಹೇಳಿದೆ. ಅವನು ನಂಬಲಿಲ್ಲ. ಅಣ್ಣ ನನ್ನನ್ನು ಉಳಿಸಲು ಹಾಗೆ ಹೇಳುತ್ತಿದ್ದೀರಿ ಎಂದ. ನೀನು ಹುಟ್ಟುಹಾಕಿದ ಸುಳ್ಳು ಎಷ್ಟು ಬೇರು ಬಿಟ್ಟಿದೆ ನೋಡು, ಈಗ ನಿಜ ಹೇಳಿದರೂ ಉಪಕಾರ ಎನ್ನಿಸಿಕೊಳ್ಳುತ್ತದೆ.

ಅಲ್ಲಿಂದ ಹಿಂದಿರುಗುತ್ತಲೇ ನಿನಗೆ ಮಾಡಿದ ಫೋನನ್ನೇ ನೀನು ಎತ್ತಿದ್ದು. ನಾನು ಕೂಗಾಡಿದೆ. ಬಸ್‌ಸ್ಟಾಪಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ನೀನು ಸಮಾಧಾನವಾಗಿ ಹೇಳಿದೆ.

‘ನಿನ್ ಹೆಸರು ಇಟ್ಕೊಂಡು ಮಾಡಿದ್ರ ಅದನ್ನ ತಪ್ಪು ಅಂತ ಅನ್ನಂಗಿಲ್ಲೊ ರಸೂಲ್, ಬ್ಯಾರೇನರೆ ಅಂತಾರ. ಸುಮ್ನಿರು, ನಾ ಎಲ್ಲಾ ಸರಿ ಮಾಡೀನಿ.’

ಇಟ್ಟುಬಿಟ್ಟೆ.

ನೀನು ಹೇಳಿದ್ದು ಸುಳ್ಳು ಎನ್ನಲಾರೆ. ಯುದ್ಧವಿಮಾನದ ಭಾಗ, ಗುಲಾಮ್ ರಸೂಲ್ ಎಂಬ ಹೆಸರು, ಕೆಟ್ಟುಹೋದ ಹುಕ್ಕು. ಈ ಮೂರನ್ನು ಸೇರಿಸಿ ಓದುವವರು ಇದ್ದಾರೆ, ಅದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಆ ಹೆಸರು ಹೊತ್ತುಕೊಂಡು ಪ್ರತಿ ವರ್ಷ ಗೇಟ್ ಪಾಸ್ ನವೀಕರಿಸಲು ಪೊಲೀಸ್ ವೆರಿಫಿಕೇಶನ್ ಸಾಲಿನಲ್ಲಿ ನಿಂತವನು ನಾನು. ಭಯ ನನಗೂ ಇತ್ತು. ಆದರೆ ಆ ಭಯ ನನ್ನದು. ಅದನ್ನು ಎದುರಿಸುವುದೋ ಅದಕ್ಕೆ ಹೆದರಿ ಕೂರುವುದೋ ತೀರ್ಮಾನ ನನ್ನದಾಗಬೇಕಿತ್ತು. ನೀನು ನನ್ನನ್ನು ಒಂದು ಮಾತು ಕೇಳಲಿಲ್ಲ. ಅವರು ಏನನ್ನುತ್ತಾರೋ ಎಂದು ಹೆದರಿ ಅವರಿಗಿಂತ ಮೊದಲು ನೀನೇ ಅಂದುಬಿಟ್ಟೆ, ರಸೂಲ್ ಬೇರೆಯವನು ಎಂದು. ಇದರಲ್ಲಿ ನಿನ್ನ ಮುದ್ರೆಯೂ ಉಳಿದುಕೊಂಡಿತು. ಅದಕ್ಕಾಗಿಯೇ ಮಾಡಿದೆ ಎಂದು ನಾನು ಹೇಳುವುದಿಲ್ಲ. ಅದು ಅಲ್ಲವೇ ಅಲ್ಲ ಎಂದು ನೀನೂ ಹೇಳಬೇಡ.

ಶುಕ್ರವಾರ ನಾನು ಲಿಖಿತ ಹೇಳಿಕೆ ಕೊಟ್ಟಿದ್ದೇನೆ. ಮ್ಯಾನೇಜರ್ ಬಾಯಿಂದ ಕೇಳುವ ಮೊದಲು ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಡೆಮೊ ಎಂದುಕೊಂಡು ಉಜ್ಜಿದವನು ನಾನು, ಬಾಲರಾಜನ ತಪ್ಪಿಲ್ಲ, ಪೂಜೆಗೆ ಇಟ್ಟ ರ‍್ಯಾಕನ್ನು ಮತ್ತೆ ತಪಾಸಣೆ ಮಾಡದ್ದು ಲೋಪ. ನಿನ್ನ ಹೆಸರು ಬರೆದಿದ್ದೇನೆ.

ರವಿಕಿರಣ್ ಎರಡು ಸಲ ಓದಿದರು. ಅವರಿಗೆ ಖುಷಿಯಾಗಲಿಲ್ಲ. ಫೈಲ್ ಕ್ಲೋಸ್ ಆಗಿದೆ ರಸೂಲ್ ಸಾಬ್, ಮಾರ್ಚಲ್ಲಿ ನಿಮ್ಮ ರಿಟೈರ್‌ಮೆಂಟು, ಯಾಕೆ ಸುಮ್ಮನೆ ಎಳ್ಕೋತೀರಾ ಎಂದರು. ನಾನು ಹಟ ಹಿಡಿದೆ. ಆಗ ಕಂಪ್ಯೂಟರ್ ತಿರುಗಿಸಿ, ನೀನು ವಿಚಾರಣೆಗೆ ಕೊಟ್ಟ ಪೂಜೆಯ ಗ್ರೂಪ್ ಫೋಟೋ ತೋರಿಸಿದರು. ಮೇಜು, ರ‍್ಯಾಕು, ಅದರ ಹಿಂದೆ ಸಾಲಾಗಿ ಹದಿನೆಂಟು ಜನ, ನಡುವೆ ರೇಷ್ಮೆ ಶರ್ಟಿನಲ್ಲಿ ನೀನು.

‘ಇದ್ರಲ್ಲಿ ನೀವೆಲ್ಲಿದ್ದೀರ ತೋರ್ಸಿ,’ ಅಂದರು. ‘ಇಲ್ವಲ್ಲ. ಇಲ್ದೇ ಇರೋರು ಹೇಗ್ರೀ ಉಜ್ಜೋಕಾಗುತ್ತೆ?’

ನಾನು ಫೋಟೋದಲ್ಲಿ ಇರಲಿಲ್ಲ. ಹತ್ತು ದಿನದೊಳಗೆ ಬೇರೆ ಸಾಕ್ಷಿ ತಂದರೆ ಬಾಲರಾಜನ ವಿಷಯ ಮತ್ತೆ ನೋಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಷಾಪ್‌ನಲ್ಲಿ ಕೆಲಸದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. ಎಲ್ಲರೂ ಮೆಷಿನ್ ಕಡೆ ತಿರುಗಿಕೊಂಡರು. ರತ್ನಕ್ಕ ಮಾತ್ರ, ನೀವು ಹೇಳಿದರೆ ಸಹಿ ಹಾಕುತ್ತೇನೆ ಎಂದರು. ಅವರಿಗೆ ಇನ್ನೂ ಎಂಟು ವರ್ಷ ಸರ್ವಿಸ್ ಇದೆ. ನಾನು ಹಾಕಿಸಲಿಲ್ಲ.

ಆ ಸಹಿ ಹಾಕಬೇಕಾದವನು ನೀನು. ರಜೆ ಮುಗಿಸಿಕೊಂಡು ಬಾ. ರವಿಕಿರಣ್ ಎದುರು ನಿಂತು ರಸೂಲ್ ಅವತ್ತು ಇದ್ದ ಎಂದು ಹೇಳು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಮಾರ್ಚಿಗೆ ಮೊದಲೇ ಮನೆಗೆ ಕಳಿಸಿದರೆ ಹೋಗುತ್ತೇನೆ, ಬೇರೆ ಏನಾದರೂ ಅಂದರೆ ಅದನ್ನೂ ಕೇಳಿಸಿಕೊಳ್ಳುತ್ತೇನೆ. ಹೇಳಲು ಆಗದಿದ್ದರೆ ನಮ್ಮ ಮನೆಯ ಕಡೆ ಬರಬೇಡ. ಸುಗ್ರಾ ನಿನಗೆಂದು ತೆಗೆದಿಟ್ಟಿರುವ ಸ್ಟೀಲ್ ಲೋಟ ಇನ್ನೂ ಕಪಾಟಿನಲ್ಲಿದೆ. ಇಡಬೇಕೋ ಬೇಡವೋ ಎಂದು ಅವಳು ನನ್ನನ್ನು ಕೇಳುತ್ತಾಳೆ.

ಕಾಶವ್ವನವರಿಗೆ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಆ ಎಣ್ಣೆ ಬಿಸಿ ಮಾಡಿ ಹಚ್ಚಲಿ, ತಣ್ಣಗೆ ಹಚ್ಚಿದರೆ ಪ್ರಯೋಜನವಿಲ್ಲ. ನಿನ್ನ ಮಕ್ಕಳು ಚೆನ್ನಾಗಿರಲಿ, ಅವರ ಮೇಲೆ ನನಗೆ ಕೋಪವಿಲ್ಲ. ನಿನಗೂ ದೇವರು ಆರೋಗ್ಯ ಕೊಡಲಿ. ಇದನ್ನು ಕೋಪದಲ್ಲೇ ಬರೆಯುತ್ತಿದ್ದೇನೆ, ಆದರೂ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇತಿ,
ಗುಲಾಮ್ ರಸೂಲ್

ಮತ್ತೆ: ಪತ್ರ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಆ ಫೋಟೋ ತೆಗೆದವನು ನಾನು. ರವಿಕಿರಣ್ ಎದುರೂ ಹಾಗೇ ಹೇಳಿದೆ, ಅದನ್ನು ಯಾರು ಬೇಕಾದರೂ ಹೇಳಬಹುದು ಎಂದರು. ನನ್ನ ಫೋನಿಗಿಂತ ನಿನ್ನ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂದು ನನ್ನ ಕೈಗೆ ಕೊಟ್ಟವನು ನೀನು. ಅದು ಗೊತ್ತಿದ್ದೂ ನಾನಿರಲಿಲ್ಲ ಎಂಬುದಕ್ಕೆ ಅದನ್ನೇ ತೋರಿಸಿದೆ. ಆರ್.ಟಿ. ನಗರದಲ್ಲಿ ನಮ್ಮಣ್ಣನ ಸ್ಟುಡಿಯೊ ಇದ್ದ ಕಾಲದಲ್ಲಿ ಷಾಪ್‌ನಲ್ಲಿ ಕ್ಯಾಮೆರಾ ಇದ್ದದ್ದು ನನ್ನೊಬ್ಬನ ಹತ್ತಿರ, ಅಂದಿನಿಂದ ಪೂಜೆಯ ಫೋಟೋ ನಾನೇ ತೆಗೆಯುತ್ತ ಬಂದೆ. ಇವತ್ತು ಫರ್ಹೀನ್, ನೀನೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಆ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದವಳು ನನ್ನನ್ನು ಕೂಗಿದಳು. ನಾನು ಉಜ್ಜಿದ ಹುಕ್ಕಿನ ಹೊಳಪಿನಲ್ಲಿ ಎಳ್ಳಿನಷ್ಟು ಹಸಿರು ಇದೆ. ಅವತ್ತು ನಾನು ಹಾಕಿದ್ದ ಹಸಿರು ಶರ್ಟು, ಎತ್ತಿ ಹಿಡಿದ ಎರಡು ಕೈ. ಅದರ ಪ್ರಿಂಟು ಹಾಕಿಸಿ ನಾಳೆ ರವಿಕಿರಣ್ ಮೇಜಿನ ಮೇಲೆ ಇಡುತ್ತೇನೆ. ಇಪ್ಪತ್ತಾರು ವರ್ಷದ ಪೂಜೆಯ ಫೋಟೋಗಳಲ್ಲಿ ನಾನಿರುವುದು ಇದೊಂದರಲ್ಲೇ. ಅಷ್ಟು ವರ್ಷದಲ್ಲಿ ಒಮ್ಮೆಯಾದರೂ, ಕ್ಯಾಮೆರಾ ಯಾರ ಕೈಗಾದರೂ ಕೊಟ್ಟು ನೀನೂ ಬಂದು ನಿಂತುಕೋ ರಸೂಲ್ ಎಂದು ಯಾರೂ ಕರೆಯಲಿಲ್ಲ. ಉಳಿದವರ ಮಾತು ಬಿಡು. ನೀನು ಕರೆಯಬಹುದಿತ್ತು.